ಒಂದು ಟೈಲ್ಸ್ ಕಡಿಮೆ

ಗೋಡೆಯಲ್ಲಿ ಒಂದೇ ಒಂದು ಟೈಲ್ಸ್ ಹಿಡಿಯುವಷ್ಟು ಜಾಗ ಉಳಿದಿತ್ತು. ಡಬ್ಬದಲ್ಲಿ ಮಾತ್ರ ಏನೂ ಉಳಿದಿರಲಿಲ್ಲ. ಮೇಸ್ತ್ರಿ ಡಬ್ಬವನ್ನು ತಲೆಕೆಳಗು ಮಾಡಿ ಕೊಡವಿದ. ಧೂಳು ಬಿತ್ತು.

“ನೋಡಮ್ಮಾ, ನಿನ್ನ ಲೆಕ್ಕ ಉದುರ್ತಾ ಇದೆ,” ಅಂದ ಮಗಳಿಗೆ.

ಮಗಳು ಸೊಂಟಕ್ಕೆ ಅಳತೆ ಟೇಪು ಸಿಕ್ಕಿಸಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒಂದು ಕಟ್ಟಡಕ್ಕೆ ಏನು ಎಷ್ಟು ಬೇಕು ಎಂದು ಮುಂಚೆಯೇ ಅಳೆದು ಹೇಳುವ ಓದು ಅವಳದು. “ಎಣಿಸೋದಕ್ಕೂ ಒಂದು ಕಾಲೇಜಾ?” ಎಂದು ನಗುತ್ತಲೇ ಅಪ್ಪ ಫೀಸು ಕಟ್ಟಿದ್ದ. ಈಗ ಹೊಸ ನರ್ಸಿಂಗ್ ಹೋಮಿನ ನೆಲ, ಗೋಡೆ ಎರಡೂ ಅವನ ಕೈಗೆ ಬಂದಿದ್ದವು. ಅಷ್ಟು ದೊಡ್ಡ ಕೆಲಸ ಅವನು ಹಿಂದೆಂದೂ ಹಿಡಿದಿರಲಿಲ್ಲ. ಅದರ ಅಂದಾಜು ತನಗೇ ಬೇಕೆಂದು ಮಗಳು ಪಟ್ಟು ಹಿಡಿದಿದ್ದಳು. “ಮೊದಲು ನಿಮ್ಮಮ್ಮನ ಅಡುಗೆಮನೆ ಗೋಡೆಗೆ ಲೆಕ್ಕ ಹಾಕು. ಕಮ್ಮಿ ಬೀಳಬಾರದು, ರಾಶಿ ಉಳೀಲೂಬಾರದು. ಆಮೇಲೆ ನರ್ಸಿಂಗ್ ಹೋಂ,” ಎಂದಿದ್ದ ಅಪ್ಪ.

ಅವನದು ಕಣ್ಣಂದಾಜು, ಅದೂ ಧಾರಾಳ. ಎಲ್ಲಿ ಕೆಲಸ ಮಾಡಿದರೂ ಟೈಲ್ಸ್ ಉಳಿಯುತ್ತಿತ್ತು. “ನಮಗ್ಯಾಕೆ ಮೇಸ್ತ್ರಿ, ನೀವೇ ತಗೊಂಡು ಹೋಗಿ,” ಎಂದು ಮಾಲೀಕರು ಕೊಟ್ಟುಬಿಡುತ್ತಿದ್ದರು. ಹಾಗಾಗಿ ಅವನ ಮನೆಯ ಹಜಾರದಲ್ಲಿ ಹಲ್ಲಿನ ಡಾಕ್ಟರ ಬಿಳಿ, ಬಚ್ಚಲಲ್ಲಿ ಬ್ಯಾಂಕಿನ ಬೂದು, ಮೆಟ್ಟಿಲಿಗೆ ಚಪ್ಪಲಿ ಅಂಗಡಿಯ ಹಸಿರು. “ಡಾಕ್ಟರ ಮೇಲೆ ನೀರು ಚೆಲ್ಲಬೇಡಿ, ಜಾರುತ್ತೆ.” “ಚಪ್ಪಲಿ ಅಂಗಡಿ ಈಗಷ್ಟೇ ಒರೆಸಿದ್ದೀನಿ, ಹಿಂದಿನ ಬಾಗಿಲಿಂದ ಬನ್ನಿ.” ಮನೆಯೊಡತಿ ಮಾತಾಡುತ್ತಿದ್ದುದು ಹೀಗೆ. ಈ ಮನೆಗೆಂದೇ ಅಂಗಡಿಯಲ್ಲಿ ಆರಿಸಿ ತಂದ ಟೈಲ್ಸ್ ಅಂದರೆ ಈ ಕೆನೆಬಣ್ಣದ್ದೇ ಮೊದಲು.

“ಲೆಕ್ಕದಲ್ಲಿ ಕಿಟಕಿ ಕಳೆಯುವಾಗ ಕೈ ಜೋರಾಯ್ತೇನೋ,” ಅಂದ ಅಪ್ಪ.

“ಕಿಟಕಿ ಕಳೆದೆ, ಅದರ ಒಳಗೋಡೆಯ ಅಂಚು ಕೂಡಿಸಿದೆ. ಒಡೆಯೋದಕ್ಕೆ ಅಂತ ನಾಲ್ಕು ಜಾಸ್ತಿ ಹಾಕಿದೆ. ನೀನು ಎಷ್ಟು ಒಡೆದೆ?”

“ನಾನೆಲ್ಲಿ ಒಡೆದೆ? ಅವು ತಾವೇ ಒಡೆದವು.”

“ತಾವೇ ಎಷ್ಟು ಒಡೆದವು?”

“ನಾಲ್ಕು.”

ಅವಳಿಗೆ ನಂಬಿಕೆ ಬರಲಿಲ್ಲ. ಚೂರುಗಳನ್ನೆಲ್ಲ ನೆಲದ ಮೇಲೆ ಹರವಿ ಒಂದಕ್ಕೊಂದು ಕೂಡಿಸಿದಳು. ನಾಲ್ಕೇ ಆದವು. ಗೋಡೆಗೆ ಮತ್ತೆ ಟೇಪು ಹಿಡಿದಳು. ಗೋಡೆ ಬೆಳೆದಿರಲಿಲ್ಲ. ಅಂಗಡಿಗೆ ಫೋನು ಮಾಡಿದಳು. ಆ ಲಾಟು ಮುಗಿದಿದೆ, ಹೊಸ ಲಾಟಿನ ಬಣ್ಣ ಕೊಂಚ ಕಂದು, ಪಕ್ಕದಲ್ಲಿಟ್ಟರೆ ಎದ್ದು ಕಾಣುತ್ತದೆ ಎಂದರು.

ಮಗಳ ಮುಖ ಸಣ್ಣಗಾದದ್ದನ್ನು ನೋಡಿ ಮೇಸ್ತ್ರಿಯ ನಗು ತಾನಾಗಿ ಇಳಿಯಿತು. “ಒಂದೇ ತಾನೆ, ಬಿಡೇ. ಅದರ ಮುಂದೆ ಒಂದು ಸಕ್ಕರೆ ಡಬ್ಬ ಇಟ್ಟರೆ ಮುಚ್ಚಿಹೋಗುತ್ತೆ.”

“ಇಲ್ಲಿ ಒಂದು ಅಪ್ಪಾ. ಅಲ್ಲಿ ಕೋಣೆಗೆ ಒಂದೊಂದು ಕಮ್ಮಿಯಾದರೆ ಎಷ್ಟು ಡಬ್ಬ ಇಡ್ತೀಯ?” ಎಂದು ಟೇಪನ್ನು ಸೊಂಟದಿಂದ ತೆಗೆದು ಅವನ ಮುಂದೆ ಇಟ್ಟಳು. “ನೀನೇ ಅಳೆದುಕೋ.”

“ಟೀ ಆರ್ತಾ ಇದೆ, ಬರ್ತೀರೋ ಇಲ್ವೋ?” ಹಜಾರದಿಂದ ಅಮ್ಮನ ಕೂಗು.

ಅಡುಗೆಮನೆ ಬಿಟ್ಟುಕೊಟ್ಟ ಮೇಲೆ ಅವಳ ಒಲೆ ಹಜಾರಕ್ಕೆ ಬಂದಿತ್ತು. ಇಬ್ಬರೂ ಹೋಗಿ ಡಾಕ್ಟರ ಮೇಲೆ ಕುಳಿತರು. ಅಮ್ಮ ಲೋಟಗಳಿಗೆ ಬಗ್ಗಿಸಲು ಟೀ ಪಾತ್ರೆ ಎತ್ತಿದಳು. ಅದರ ಅಡಿಯಲ್ಲಿ, ನಟ್ಟನಡುವೆ ದುಂಡಗೆ ಮಸಿ ಹತ್ತಿಸಿಕೊಂಡು, ಕೆನೆಬಣ್ಣದ ಟೈಲ್ಸ್ ಒಂದು ಮಲಗಿತ್ತು.

ಮಗಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. “ಅಮ್ಮಾ, ಇದೆಲ್ಲಿಂದ ಬಂತು?”

“ಡಬ್ಬದಿಂದ. ಅಷ್ಟೊಂದಿತ್ತಲ್ಲ, ಬಿಸಿ ಪಾತ್ರೆ ಇಡೋದಕ್ಕೆ ಒಂದು ತಗೊಂಡೆ.”

“ಎಣಿಸಿ ತಂದದ್ದು ಕಣೇ ಅದು,” ಅಂದ ಮೇಸ್ತ್ರಿ.

“ನನಗೇನು ಗೊತ್ತು? ಈ ಮನೆಗೆ ಬಂದಾಗಿನಿಂದ ಉಳಿದದ್ದನ್ನೇ ನೋಡಿದ್ದೀನಿ. ಉಳಿಯದೇ ಇರೋ ಟೈಲ್ಸೂ ಇರುತ್ತೆ ಅಂತ ಯಾರಾದ್ರೂ ಹೇಳಿದ್ರಾ?”

ಮೇಸ್ತ್ರಿಗೆ ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಹೆಗಲು. ಟೀ ಮೂಗಿಗೆ ಹತ್ತಿತು. ಮಗಳು ಅಪ್ಪನ ಬೆನ್ನು ತಟ್ಟುತ್ತಾ ತಾನೂ ನಗತೊಡಗಿದಳು. “ಒಡೆಯೋದಕ್ಕೆ ಹಾಕಿದ್ದೆ, ಕತ್ತರಿಸೋದಕ್ಕೆ ಹಾಕಿದ್ದೆ. ಅಮ್ಮನಿಗೆ ಅಂತ ಹಾಕೋದೇ ಬಿಟ್ಟೆ.”

ಮಸಿ ತಿಕ್ಕಿದರೂ ಹೋಗಲಿಲ್ಲ. ಮನೆಯೊಡತಿ ಅದನ್ನು ವಾಪಸು ಕೊಡುವ ಮಾತೂ ಆಡಲಿಲ್ಲ. ಪಾತ್ರೆ ಅದರ ಮೇಲೆ ಅಲ್ಲಾಡದೆ ಕೂರುತ್ತಿತ್ತಂತೆ. ಮೇಸ್ತ್ರಿ ಹಿತ್ತಲಿಗೆ ಹೋಗಿ ಚಪ್ಪಲಿ ಅಂಗಡಿಯ ಹಸಿರೊಂದನ್ನು ಹುಡುಕಿ ತಂದ. ಅಳತೆಗೆ ಕತ್ತರಿಸಿ, ಹಿಂಬದಿಗೆ ಸಿಮೆಂಟು ಸವರಿ, ಖಾಲಿ ಜಾಗಕ್ಕೆ ಒತ್ತಿ, ಕರಣೆಯ ಹಿಡಿಯಿಂದ ಮೆಲ್ಲಗೆ ತಟ್ಟಿದ. ಕೆನೆಬಣ್ಣದ ಗೋಡೆಯಲ್ಲಿ ಆ ಒಂದು ಹಸಿರು ಬೇಕೆಂದೇ ಹಾಕಿಸಿದ ಹಾಗಿತ್ತು.

ಆಮೇಲೆ ಟೇಪು ಎತ್ತಿ ಮಗಳ ಕೈಗಿಟ್ಟ. “ಬೆಳಿಗ್ಗೆ ಬೇಗ ಏಳು. ನರ್ಸಿಂಗ್ ಹೋಮಿನಲ್ಲಿ ಮೂರು ಮಹಡಿ ಇದೆ, ಅಳತೆ ಎಲ್ಲಾ ನಿಂದೇ.”

ಅಮ್ಮ ಬಾಗಿಲಲ್ಲಿ ನಿಂತು ಗೋಡೆಯನ್ನು ಮೇಲಿಂದ ಕೆಳಗೆ ಕಣ್ತುಂಬ ನೋಡಿದಳು. ಸೆರಗಿನಿಂದ ಹಸಿರು ಟೈಲ್ಸ್ ಒರೆಸಿದಳು.

“ಅಂದಹಾಗೆ,” ಅಂದಳು, “ಆ ನರ್ಸಿಂಗ್ ಹೋಮಿಗೆ ಯಾವ ಬಣ್ಣದ್ದು ಹಾಕ್ತಾರೆ?”