ಪಾದದ ಮೇಲೊಂದು ಬೆಕ್ಕು

ಚಳಿಗಾಲದ ಬೆಳಗು, ಬೀದಿಯ ಅಂಗಡಿಗಳು ಒಂದೊಂದಾಗಿ ಬಾಗಿಲು ತೆಗೆಯುತ್ತಿದ್ದ ಹೊತ್ತು. ಕ್ಷೌರದಂಗಡಿಯ ಅಣ್ಣ ಅಂಚೆಯವನ ಗದ್ದಕ್ಕೆ ನೊರೆ ಹಚ್ಚಿ ಕತ್ತಿ ಎತ್ತಿಕೊಂಡ. ಕೈ ನಡುಗಿತು. ಹಿಂದಿನ ವಾರ ದರ್ಜಿಯ ಕೆನ್ನೆ ಕೊಯ್ದು ರಕ್ತ ಬರಿಸಿದಂದಿನಿಂದ ಕೈಯೊಳಗೆ ಹೊಕ್ಕ ಭಯ ಅದು.

ಪಕ್ಕದ ಕುರ್ಚಿಯ ಬಳಿ ಕತ್ತರಿ ಆಡಿಸುತ್ತಿದ್ದ ತಮ್ಮ ಓರೆಗಣ್ಣಲ್ಲಿ ನೋಡಿದ. "ಅಣ್ಣಾ, ಸಾಕು ಬಿಡು. ಕತ್ತಿ ಕೆಲಸ ನಾನು ನೋಡ್ಕೋತೀನಿ, ನೀನು ತಲೆಗೆ ಎಣ್ಣೆ ತಿಕ್ಕು. ಇನ್ನೊಬ್ಬರಿಗೆ ಕೊಯ್ದ್ರೆ ಈ ಬಾಗಿಲಿಗೆ ನೊಣಾನೂ ಬರಲ್ಲ."

ಅಣ್ಣ ಕತ್ತಿಯ ಹಿಡಿ ಬಿಗಿಮಾಡಿದ. ಅಪ್ಪನ ಕೈಯಿಂದ ಬಂದ ಕತ್ತಿ. ಅದನ್ನು ಕೆಳಗಿಟ್ಟ ಮೇಲೆ ತಾನು ಯಾರು?

ಬೆಳಿಗ್ಗೆ ಮನೆಯಿಂದ ಅವನ ಬೆನ್ನಿಗೇ ಬಂದಿದ್ದ ಬೆಕ್ಕು ಬೆಂಚಿನ ಕೆಳಗಿತ್ತು. ನೆಲದ ಥಂಡಿ ತಾಳದೆ ಎದ್ದು ಬಂದು ಅವನ ಎಡಪಾದದ ಮೇಲೆ ಮೈ ಮುದುಡಿ ಮಲಗಿತು. ಕೊಡವಲು ಮನಸ್ಸಾಗಲಿಲ್ಲ. ಅದರ ಬಿಸುಪು, ಗುರ್ ಗುರ್ ಎನ್ನುವ ಸದ್ದು ಪಾದದಿಂದ ಮೊಣಕಾಲಿಗೆ, ಅಲ್ಲಿಂದ ಎದೆಗೆ ಹತ್ತಿತು. ಯಾರ ಕೆನ್ನೆ ಕೊಯ್ದರೇನು, ಯಾರು ಏನಂದರೇನು, ಬೆಕ್ಕಿಗೆ ಅವನ ಪಾದ ಅಲುಗದಿದ್ದರೆ ಸಾಕಿತ್ತು. ಅವನ ಉಸಿರು ನಿಧಾನವಾಯಿತು.

ಎಡಗೆನ್ನೆ ಮುಗಿಯಿತು. ಬಲಗೆನ್ನೆಗೆ ಆ ಬದಿಗೆ ಹೋಗಬೇಕು. ಅವನು ಹೋಗಲಿಲ್ಲ, ನಿಂತಲ್ಲೇ ನಿಂತು ಕುರ್ಚಿಯನ್ನೇ ತಿರುಗಿಸಿದ.

"ಏನಯ್ಯಾ ಇದು! ಕನ್ನಡಿ ಆ ಕಡೆ, ನನ್ನ ಮೋರೆ ಬೀದಿ ಕಡೆ! ಹೋಗೋರು ಬರೋರೆಲ್ಲ ಮದುಮಗನ್ನ ನೋಡಿದ ಹಾಗೆ ನೋಡ್ತಿದಾರೆ."

"ಬೆಕ್ಕು ಮಲಗಿದೆ ಸ್ವಾಮಿ, ಎಬ್ಬಿಸೋಕೆ ಮನಸ್ಸು ಬರಲಿಲ್ಲ."

"ಚೆನ್ನಾಯ್ತು! ಗಿರಾಕಿ ನಾನು, ಮರ್ಯಾದೆ ಬೆಕ್ಕಿಗೆ!"

"ನಗಬೇಡಿ, ಕತ್ತಿ ಗಂಟಲ ಮೇಲಿದೆ."

ಮುಖ ಒರೆಸಿದ ಬಟ್ಟೆಯಲ್ಲಿ ಕೆಂಪಿನ ಚುಕ್ಕೆಯೂ ಇರಲಿಲ್ಲ. ತಮ್ಮ ಬಂದು ಅಂಚೆಯವನ ಕೆನ್ನೆಯ ಮೇಲೆ ಬೆರಳಾಡಿಸಿ ನೋಡಿದ. ಬೆಣ್ಣೆಯಿಂದ ಕೂದಲು ತೆಗೆದ ಹಾಗಿತ್ತು. ಬೆರಳು ಒರೆಸಿಕೊಂಡು ತನ್ನ ಕುರ್ಚಿಗೆ ಮರಳಿದ. ಅಂದಿನಿಂದ ಆ ಅಂಗಡಿಯಲ್ಲಿ ಕ್ಷೌರಿಕ ನಿಂತಲ್ಲೇ ನಿಲ್ಲುತ್ತಿದ್ದ, ಗಿರಾಕಿ ಸುತ್ತುತ್ತಿದ್ದ. ಊರು ಒಂದು ವಾರ ನಕ್ಕಿತು, ಆಮೇಲೆ ರೂಢಿಯಾಯಿತು.

ಚಳಿ ಹೋಗುವ ಮೊದಲೇ ತಮ್ಮ ಪಕ್ಕದ ಊರಲ್ಲಿ ಬೇರೆ ಅಂಗಡಿ ಗೊತ್ತು ಮಾಡಿಕೊಂಡ. ಹೊರಟದ್ದು ಒಂದು ಗುರುವಾರ. ಗಂಟನ್ನು ಹೊಸ್ತಿಲ ಹೊರಗಿಟ್ಟವನು ಏನೋ ಮರೆತವನಂತೆ ಒಳಗೆ ಬಂದು ಅಣ್ಣನ ಕುರ್ಚಿಯಲ್ಲಿ ಕೂತ.

"ಹೊಸ ಊರು ನೋಡು. ಮೋರೆ ಒಂಚೂರು ಚೆನ್ನಾಗಿರ್ಲಿ," ಎಂದು ಗದ್ದ ಎತ್ತಿ ಕಣ್ಣು ಮುಚ್ಚಿದ.