ಎದುರುಮನೆಯ ಕೆಂಪು ಪಾನಕ

ರಾಮನವಮಿಗೆ ನಮ್ಮ ಬೀದಿಗೆಲ್ಲ ಪಾನಕ ಹಂಚುವವಳು ನಾನೇ. ಈ ಸಲ ಎದುರುಮನೆಯವಳೂ ಬಾಗಿಲ ಮುಂದೆ ಮೇಜು ಹಾಕಿ, ಕೆಂಪು ಸ್ಟ್ರಾ ಅಂಟಿಸಿದ ಫ್ರೂಟ್ ಪಂಚ್ ಪ್ಯಾಕೆಟ್ ಹಂಚಿದಳು. ಮಧ್ಯಾಹ್ನದೊಳಗೆ ಅವಳ ಮೇಜು ಖಾಲಿ. ನನ್ನ ಬೆಲ್ಲದ ಪಾನಕ ಇನ್ನೂ ಅರ್ಧ ಕೊಳಗ ಹಾಗೇ ಇತ್ತು. ನನ್ನ ಹೊಟ್ಟೆ ಉರಿದುಹೋಯಿತು.

ಬೀದಿಯನ್ನೂ ನಮ್ಮ ಜಗಲಿಯ ಬುಡವನ್ನೂ ಗುಡಿಸಿ, ಖಾಲಿ ಪ್ಯಾಕೆಟ್‌ಗಳನ್ನೆಲ್ಲ ಸಿಟ್ಟಿನಲ್ಲಿ ಗೋಣಿಚೀಲಕ್ಕೆ ಬಾಚಿಕೊಂಡು ಅವಳ ಮುಂದೆ ಹೋಗಿ ನಿಂತೆ. ಅಕ್ಕಪಕ್ಕದವರು ಸೇರಿದರು.

"ಇದರ ಮೇಲೇ ಬರೆದಿದೆ, ಓದಿ. ಹಣ್ಣು ನೂರಕ್ಕೆ ಹತ್ತು ಪಾಲೂ ಇಲ್ಲ. ಮಿಕ್ಕಿದ್ದೆಲ್ಲ ಸಕ್ಕರೆ ನೀರು, ಬಣ್ಣ. ಕುಡಿದು ಬಿಸಾಕಿದ ಈ ಕಸ ಎಲ್ಲಿಗೆ ಹೋಗುತ್ತೆ? ಮೋರಿಗೆ!"

"ಎಲ್ಲರೂ ಇಷ್ಟಪಟ್ಟು ಕುಡಿದ್ರಲ್ಲಕ್ಕ," ಎಂದಳು ಅವಳು ಮೆಲ್ಲಗೆ.

"ಎಲ್ಲರೂ ಅನ್ಬೇಡ. ಅಲ್ಲಿ ನಮ್ಮತ್ತೆನ ನೋಡು."

ಅತ್ತೆ ನಮ್ಮ ಜಗಲಿಯ ಮೇಲೆ ಕೂತು, ತಲೆ ಎತ್ತದೆ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಅವರ ಕೈ ಸುಮ್ಮನಿರುವುದಿಲ್ಲ. ಹೂ ಮುಗಿದರೆ ಪೊರಕೆಕಡ್ಡಿಯನ್ನಾದರೂ ಕಟ್ಟುತ್ತಾ ಕೂರುತ್ತಾರೆ.

"ಎಪ್ಪತ್ತೆಂಟು ವರ್ಷ ಅವರಿಗೆ. ನನ್ನ ಪಾನಕ ಬಿಟ್ಟು ಇಂಥದ್ದನ್ನ ಮೂಸಿಯೂ ನೋಡಲ್ಲ. ತಗೋ, ನಿನ್ನ ಕಸ ನೀನೇ ಇಟ್ಕೋ!"

ಚೀಲವನ್ನು ಅವಳ ಮೇಜಿನ ಮೇಲೆ ಬೋರಲು ಹಾಕಿದೆ.

ಪ್ಯಾಕೆಟ್‌ಗಳೆಲ್ಲ ಬಿದ್ದ ಮೇಲೆ ಕೊನೆಗೆ ಜಾರಿ ಬಂದದ್ದು, ಏಳು ಕೆಂಪು ಸ್ಟ್ರಾಗಳನ್ನು ಬಾಳೆನಾರಿನಲ್ಲಿ ಮಲ್ಲಿಗೆಯಷ್ಟೇ ಒತ್ತಾಗಿ ಕಟ್ಟಿದ ಒಂದು ಮಾಲೆ.