ಎಂಟು ಹೆಗಲು

ಕೊಂಬು ಮೂರನೇ ಸಲ ಕೂಗಿತು. ಡೋಲಿಯ ಮುಂದಿನ ಕೋಲು ಹೊತ್ತಿದ್ದ ಬೆಯಿಂಗಾನ ಅಲ್ಲೇ ನಿಂತುಬಿಟ್ಟ. ಜೊತೆಗೆ ಹೊತ್ತಿದ್ದ ಮೂವರೂ ಮುಗ್ಗರಿಸಿದರು. ಡೋಲಿಯಲ್ಲಿ ಕೂತಿದ್ದ ಬಿಳಿ ಮುದುಕಿ ಗಾಬರಿಯಿಂದ ಹಗ್ಗ ಹಿಡಿದುಕೊಂಡಳು.

"ಯಾಕೋ ನಿಂತೆ? ನಡಿ!" ಮುಂದೆ ಮಚ್ಚಿನಿಂದ ಬಳ್ಳಿ ಸವರುತ್ತಿದ್ದ ಗೈಡ್ ಮುಹ್ವೇಜಿ ಗದರಿದ.

"ಊರಿನ ಕೊಂಬು ಕಣಣ್ಣ. ಡೋಲಿ ಕೇಳ್ತಿದಾರೆ. ನನ್ ಹೆಂಡ್ತಿಗೆ ದಿನ ತುಂಬಿದೆ."

"ಊರಲ್ಲಿ ನಲವತ್ತು ಮನೆ ಇದೆ. ನಿನ್ ಹೆಂಡ್ತಿಗೇ ಅಂತ ಕೊಂಬು ಹೇಳ್ತಾ?"

ಕೊಂಬು ಹೆಸರು ಹೇಳುವುದಿಲ್ಲ, ನಿಜ. ಗೊರಿಲ್ಲಾಗಳಿರುವ ಬ್ವಿಂಡಿ ಕಾಡಿನಂಚಿನ ಆ ಊರಿಗೆ ರಸ್ತೆಯಿಲ್ಲ. ಯಾರಿಗಾದರೂ ಕೈಮೀರಿದರೆ ಕೊಂಬು ಊದುತ್ತಾರೆ. ಕೇಳಿದ ಗಂಡಸರು ಗುದ್ದಲಿ ಬಿಸಾಡಿ ಓಡಿಬಂದು, ರೋಗಿಯನ್ನು ಡೋಲಿಯಲ್ಲಿ ಮಲಗಿಸಿ, ಎರಡು ಗುಡ್ಡ ದಾಟಿಸಿ ಆಸ್ಪತ್ರೆ ಮುಟ್ಟಿಸಬೇಕು. ಅಜ್ಜಂದಿರ ಕಾಲದ ಕಟ್ಟಳೆ. ಡೋಲಿಗೆ ಹೆಗಲು ಕೊಡದವನನ್ನು ಊರೂ ಹೊರುವುದಿಲ್ಲ. ಇನ್ನೊಂದು ಕಟ್ಟಳೆಯೂ ಇತ್ತು: ಡೋಲಿ ಬೇರೆ ಯಾವ ಕೆಲಸಕ್ಕೂ ಊರು ಬಿಡಬಾರದು.

ಅದನ್ನು ಈ ಬೆಳಿಗ್ಗೆ ಮುರಿದವನು ಮುಹ್ವೇಜಿ. ಅವನೂ ಅದೇ ಊರಿನವನೇ. ಖಾಕಿ ತೊಟ್ಟ ಮೇಲೆ ಊರು ಅವನ ಕಣ್ಣಿಗೆ ಸಣ್ಣದಾಗಿತ್ತು, ಅಷ್ಟೆ. ಪ್ರವಾಸಿಗರ ಡೋಲಿಯ ಕೋಲು ಮುರಿದಿತ್ತು. ಮುದುಕಿಗೆ ಮಂಡಿನೋವು, ಆದರೂ ಗೊರಿಲ್ಲಾ ನೋಡಲೇಬೇಕು. ಇವನು ಊರಿನ ಡೋಲಿಯನ್ನೇ ಇಳಿಸಿಕೊಂಡ. ಸಂತೆಗೆ ಹೋಗದೆ ಉಳಿದಿದ್ದ ಎಂಟು ಗಂಡಸರನ್ನೂ ಸರದಿಯಲ್ಲಿ ಹೊರಲು ಎಬ್ಬಿಸಿಕೊಂಡು ಬಂದ. ಬರುವುದಿಲ್ಲ ಎಂದ ಬೆಯಿಂಗಾನನ ಮುಖಕ್ಕೆ ಹೊಡೆದ ಹಾಗೆ ನಕ್ಕಿದ್ದ.

"ಎಲ್ಲರ ಮನೇಲೂ ಏನಾದ್ರೊಂದು ಇದ್ದಿದ್ದೇ. ನಮ್ಮವ್ವ ನಿನ್ನೆಯಿಂದ ಎದೆ ಉರಿ ಅಂತ ಕೂತಿದಾಳೆ. ಗಂಜಿ ಕುಡಿಸಿ ಬಂದಿಲ್ವಾ ನಾನು? ಹೆಂಡ್ತಿ ಸೆರಗು ಹಿಡ್ಕೊಂಡು ಕೂತ್ಕೋ ಹೋಗು. ಇನ್ಮೇಲೆ ಕೂಲಿಗೆ ಮಾತ್ರ ಬರ್ಬೇಡ."

ಈಗ ಕೊಂಬು ಮತ್ತೆ ಕೂಗಿತು. ಅರ್ಧಕ್ಕೇ ನಿಂತಿತು. ತಡವರಿಸಿ ಮತ್ತೆ ಎದ್ದಿತು. ಉಸಿರು ಸಾಲದವರು ಯಾರೋ ಊದುತ್ತಿದ್ದರು.

"ಊದೋಕೂ ಒಬ್ಬ ಗಂಡಸಿಲ್ಲ ಊರಲ್ಲಿ," ಎಂದ ಹಿರಿಯ ಕಜೂರ. ಎಂಟು ಜನರಲ್ಲಿ ಅವನೇ ದೊಡ್ಡವನು. ಕೊಂಬು ತೂಗುವುದು ಅವನ ಮನೆ ಬಾಗಿಲಲ್ಲಿ. "ಹಿಂದಿರುಗೋಣ ಮುಹ್ವೇಜಿ. ಒಳ್ಳೇದಾಗಲ್ಲ ಇದು."

"ಗೊರಿಲ್ಲಾ ಕಾಲು ಗಂಟೆ ದೂರದಲ್ಲಿವೆ. ಈಯಮ್ಮ ಸಮುದ್ರ ದಾಟಿ ಬಂದಿದಾಳೆ. ಎರಡು ಗಂಟೇಲಿ ಯಾರೂ ಸಾಯಲ್ಲ."

"ಸತ್ರೆ?" ಎಂದ ಬೆಯಿಂಗಾನ.

"ಹೋಗೋದಾದ್ರೆ ನೀನೊಬ್ನೇ ಹೋಗು. ಹೋಗಿ? ತುಂಬು ಗರ್ಭಿಣೀನ ಬೆನ್ನ ಮೇಲೆ ಹೊತ್ಕೊಂಡು ಗುಡ್ಡ ದಾಟ್ತೀಯಾ? ಡೋಲಿ ಇಲ್ಲಿದೆ."

ಡೋಲಿಯಿಲ್ಲದೆ ಬರಿಗೈಲಿ ಹೋಗಿ ಮಾಡುವುದೇನು? ಇದು ಬೇಗ ಮುಗಿದಷ್ಟೇ ಲಾಭ. ಬೆಯಿಂಗಾನ ಮತ್ತೆ ಹೆಗಲು ಕೊಟ್ಟ.

ಏನದು ಸದ್ದು ಎಂದು ಮುದುಕಿ ಕೇಳಿದಳು. ಮದುವೆ, ಎಂದ ಮುಹ್ವೇಜಿ ಇಂಗ್ಲಿಷಿನಲ್ಲಿ, ಹಲ್ಲು ಕಿರಿದು. ಅಷ್ಟು ಇಂಗ್ಲಿಷು ಬೆಯಿಂಗಾನನಿಗೂ ಬರುತ್ತಿತ್ತು. ಮುದುಕಿ ಕೊಂಬಿನ ಲಯಕ್ಕೆ ಚಪ್ಪಾಳೆ ತಟ್ಟಿದಳು.

"ಮನೆಹಾಳ," ಎಂದು ಬೆಯಿಂಗಾನ ಹಲ್ಲು ಕಚ್ಚಿದ.

ಹೊರುವವರು ಗೊರಿಲ್ಲಾಗಳ ಹತ್ತಿರ ಹೋಗುವಂತಿಲ್ಲ. ಮುದುಕಿಯನ್ನು ಮುಹ್ವೇಜಿ ತೋಳು ಹಿಡಿದು ನಡೆಸಿಕೊಂಡು ಹೋದ. ಎಂಟು ಜನ ಕೆಳಗೆ ಕೂತರು. ಒಂದು ಗಂಟೆ. ಮೇಲೆಲ್ಲೋ ಗಂಡು ಗೊರಿಲ್ಲಾ ಎದೆ ಬಡಿದುಕೊಂಡಿತು. ಕೆಳಗಿನಿಂದ ಕೊಂಬು ಎರಡು ಸಲ ಕೇಳಿಸಿತು, ಆಮೇಲೆ ಕೇಳಿಸಲಿಲ್ಲ. ಆಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮುದುಕಿ ಆನಂದದಿಂದ ಅಳುತ್ತಾ ಬಂದಳು. ಡೋಲಿ ಎತ್ತುವ ಮೊದಲು ಬೆಯಿಂಗಾನ ತೊರೆಯಿಂದ ಒಂದು ಕಲ್ಲು ಆರಿಸಿಕೊಂಡ. ಅಂಗೈಗೆ ಸರಿಯಾಗಿ ಕೂರುವ ಕಲ್ಲು. ಕಜೂರ ನೋಡಿದ, ಬೇಡ ಎನ್ನಲಿಲ್ಲ. ಇಳಿಯುವ ದಾರಿಯುದ್ದಕ್ಕೂ ಬೆಯಿಂಗಾನನ ಕಣ್ಣು ಮುಹ್ವೇಜಿಯ ಬೋಳು ಹಿಂದಲೆಯ ಮೇಲೇ ಇತ್ತು. ಹೆಂಡತಿಗೆ ಏನಾದರೂ ಆಗಿದ್ದರೆ ಈ ತಲೆ ಉಳಿಯುವುದಿಲ್ಲ. ಅಷ್ಟು ಸ್ಪಷ್ಟವಾಗಿ ಅವನು ಹಿಂದೆಂದೂ ಏನನ್ನೂ ಯೋಚಿಸಿರಲಿಲ್ಲ.

ಊರ ಬಾಯಲ್ಲಿ ಹೆಂಗಸರು ಸೇರಿದ್ದರು. ಕೆಲವರು ನೆಲದಲ್ಲಿ ಕೂತು ತಲೆಯ ಮೇಲೆ ಕೈ ಹೊತ್ತಿದ್ದರು. ಮುದುಕಿ ಮದುಮಗಳನ್ನು ಹುಡುಕುತ್ತಾ ಡೋಲಿಯಿಂದ ಕೈ ಬೀಸಿದಳು. ಬೆಯಿಂಗಾನ ಕೋಲನ್ನು ಪಕ್ಕದವನ ಹೆಗಲಿಗೆ ತಳ್ಳಿ, ಕಲ್ಲು ಬಿಗಿಹಿಡಿದು ಓಡಿದ.

ಗುಂಪು ಸರಿಯಿತು. ನಡುವಿನಿಂದ ಅವನ ಹೆಂಡತಿ ಕೆಂಬಾಬಾಜಿ ನಡೆದುಬಂದಳು. ತುಂಬಿದ ಹೊಟ್ಟೆಯ ಮೇಲೆ ಒಂದು ಕೈ, ಇನ್ನೊಂದು ಕೈಯಲ್ಲಿ ಕಜೂರನ ಮನೆಯ ಕೊಂಬು. ತುಟಿ ಒಡೆದು ರಕ್ತ ಒಣಗಿತ್ತು. ಇನ್ನೂ ಏದುಸಿರು ಬಿಡುತ್ತಿದ್ದಳು. ಬೆಯಿಂಗಾನನ ಕೈಯಿಂದ ಕಲ್ಲು ಜಾರಿತು. ಅವಳು ಗಂಡನನ್ನು ದಾಟಿ ಸೀದಾ ಮುಹ್ವೇಜಿಯ ಮುಂದೆ ಹೋಗಿ ನಿಂತಳು.

"ಊದಿ ಊದಿ ಸಾಕಾಯ್ತು ಮುಹ್ವೇಜಣ್ಣ. ನಿಮ್ಮವ್ವ ಮಾತ್ರ ಕೊನೇ ಉಸಿರಿನವರೆಗೂ, 'ಹೆದರ್ಬೇಡ ಮಗಳೇ, ನನ್ ಮಗನ ಹತ್ರ ಎಂಟು ಜನ ಇದಾರೆ, ಡೋಲೀನೂ ಇದೆ, ಈಗ ಬರ್ತಾನೆ' ಅಂತಾನೇ ಇದ್ರು."